ಕಾಪಿ ಅನ್ನೋ ಕಡೆ ಸಿಂಕ್ ಅಂದೆ

ಮಾರ್ಚ್ ೧೧, ಮಂಗಳವಾರ

ಬೆಳಗ್ಗೆಯಿಂದ ಒಂದೇ ಪದ ತಲೆ ತಿಂತಿದೆ. ಕಪ್ಪು ಪರದೆ ಮೇಲೆ ಲ್ಯಾಪ್‌ಟಾಪಿನ ಫೈಲುಗಳನ್ನು ಇಂಟರ್ನೆಟ್ಟಿನ ಕ್ಲೌಡಿಗೆ ಕಳಿಸೋ ಕಮಾಂಡ್ ಕೊಡುವಾಗ ಕಾಪಿ ಅನ್ನೋ ಕಡೆ ಸಿಂಕ್ ಅಂತ ಹೊಡೆದೆ. ಲ್ಯಾಪ್‌ಟಾಪಲ್ಲಿ ಜಾಗ ಸಾಲದೆ ಅಕ್ಕನ ರೆಕಾರ್ಡಿಂಗುಗಳನ್ನು ಮೊನ್ನೆಯೇ ಅಳಿಸಿದ್ದೆ, ಕ್ಲೌಡಲ್ಲಿ ಇವೆಯಲ್ಲ ಅನ್ನೋ ಧೈರ್ಯದಲ್ಲಿ. ಸಿಂಕ್ ಅಂದರೆ ಎರಡೂ ಕಡೆ ಒಂದೇ ಥರ ಮಾಡು ಅಂತ. ಇಲ್ಲಿ ಇಲ್ಲದ್ದನ್ನು ಅಲ್ಲೂ ಅಳಿಸಿತು. ಒಂದು ಮಾತೂ ಕೇಳಲಿಲ್ಲ. ಏನೂ ಅಳಿಸದೆ, ಏನಾಗುತ್ತೆ ಅಂತಷ್ಟೇ ತೋರಿಸೋ ಹಾಗೆ ಮೊದಲು ಓಡಿಸಿ ನೋಡಬಹುದಿತ್ತು, ನನಗೇ ಆತುರ.

ಪಾರ್ಶ್ವವಾಯು ಹೊಡೆದು ಅಕ್ಕನ ಮಾತು ನಿಂತಾಗಿಂದ ಏಳು ತಿಂಗಳು ದಿನಾ ರೆಕಾರ್ಡ್ ಮಾಡಿದ್ದು. "ನೀರು" ಅನ್ನೋಕೆ ಒದ್ದಾಡಿದ ಮೊದಲನೇ ದಿನದ್ದೂ ಹೋಯ್ತು. ಈಗ ಮಾತು ಎಷ್ಟು ಮರಳಿದೆ ಅಂತ ಹೋಲಿಸೋಕೆ ನಾಳೆ ಮಾತಿನ ಥೆರಪಿಸ್ಟ್ ಕೇಳೋದು ಅದನ್ನೇ.

ಸಂಜೆ ಅಕ್ಕನಿಗೆ ಹೇಳಿದೆ. ಬೈತಾಳೆ ಅಂದುಕೊಂಡರೆ ನಕ್ಕಳು.

"ಹೋಗ್ಲಿ ಬಿಡೋ. ಮೊದಲನೇ ದಿನದ್ದು ತಾನೆ? ಈಗಲೇ ಮಾಡಿ ತೋರಿಸ್ತೀನಿ, ರೆಕಾರ್ಡ್ ಮಾಡ್ಕೋ."

ಬಾಯಿ ಒಂದು ಕಡೆ ಸೊಟ್ಟ ಮಾಡಿ "ನೀ... ನೀ..." ಅಂದಳು. ಅದೇ ದನಿ. ಒಂಚೂರೂ ವ್ಯತ್ಯಾಸ ಇಲ್ಲ. ಫೋನ್ ಹಿಡಿದಿದ್ದರೂ, ಮತ್ತೆ ಮಾತು ನಿಂತೇ ಹೋಯ್ತೇನೋ ಅನ್ನಿಸಿ ರೆಕಾರ್ಡ್ ಬಟನ್ ಒತ್ತಲಿಲ್ಲ.

"ಸಾಕು ಕಣೇ, ಪೂರ್ತಿ ಹೇಳಿಬಿಡು," ಅಂದೆ.

"ನೀರು," ಅಂದಳು. ಆಮೇಲೇ ನನಗೆ ಉಸಿರು ಬಂದದ್ದು.