ಜಕ್ಕೂರಿನ ಕೋಣೆ ಇನ್ನೂ ಖಾಲಿ

ಅಪ್ಪಾ,

ನಿಮ್ಮನ್ನು ಮಣ್ಣು ಮಾಡಿ ಹದಿನೆಂಟು ದಿನವಾಯಿತು. ಇವತ್ತು ಜಕ್ಕೂರಿನ ಬಾಡಿಗೆ ಕೋಣೆಯ ಅಡ್ವಾನ್ಸ್ ತರಲು ಹೋಗಿದ್ದೆ. ಓನರ್ ಪಟಾಲಮ್ಮ ಬಣ್ಣ ಹೊಡೆಸುವ ದುಡ್ಡನ್ನೂ ಮುರಿದುಕೊಳ್ಳದೆ ಪೂರ್ತಿ ಕೊಟ್ಟರು. ಕೋಣೆ ಇನ್ನೂ ಖಾಲಿ. ನೀವು ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದುಕೊಂಡ ಮಾತ್ರೆಯ ವೇಳೆ ಹಾಗೇ ಇದೆ.

ಕಿಡ್ನಿ ಕಸಿಯಾದ ಮೇಲೆ ಮೂರು ತಿಂಗಳು ಆಸ್ಪತ್ರೆಯ ಹತ್ತಿರವೇ ಇರಿ ಎಂದಿದ್ದರು ಡಾಕ್ಟರು. ಎರಡು ತಿಂಗಳಿಗೇ "ಬಾಡಿಗಿ ಭಾಳ ಆತು, ಊರಿಗೆ ಹೋಗೂಣು" ಎಂದವಳು ನಾನು. ನೀವೂ ಬೇಡ ಅನ್ನಲಿಲ್ಲ. ಬ್ಯಾಗು ಹಿಡಿದು ನಿಂತೇಬಿಟ್ಟಿರಿ. ಊರಿಗೆ ಹೋದ ಒಂಬತ್ತನೇ ದಿನ ಜ್ವರ ಬಂತು.

"ಇನ್ನೊಂದ್ ತಿಂಗ್ಳು ಇರ್ತೀವಿ ಅಂತ ಕೇಳ್ಬಾರ್ದಿತ್ತೇನವ್ವಾ? ಬಾಡ್ಗೆ ಬೇಡ ಅಂತಿದ್ದೆ" ಎಂದರು ಪಟಾಲಮ್ಮ. "ಅಪ್ಪ ಎಂಗವ್ರೆ?"

"ಊರಾಗ ಅದಾರ್ರೀ" ಎಂದೆ.