ಅಪ್ಪನ ಎರಡನೇ ಸೂಜಿ

ಪ್ರೀತಿಯ ದೊಡ್ಡತ್ತೆಗೆ,

ಅಪ್ಪ ಇವತ್ತು ಬೆಳಿಗ್ಗೆ ಬಾಯಿ ಅಗಲಿಸಿ ಆಕಳಿಸಿದರು. ಮೊದಲು ನೋಡಿದ್ದು ನರ್ಸ್. ಇಷ್ಟು ದಿನ ನಮ್ಮ ಪಿಸುಮಾತಿಗೂ ಗದರುತ್ತಿದ್ದವರೇ, "ನಿಮ್ಮಪ್ಪ ಆಕಳಿಸ್ತಿದ್ದಾರೆ, ಬನ್ನಿ ಬನ್ನಿ" ಎಂದು ಕೂಗಿದರು. ಧನುರ್ವಾಯುವಿನಿಂದ ದವಡೆ ಕಚ್ಚಿಕೊಂಡು, ಬಾಗಿಲ ಸದ್ದಿಗೂ ಬಿಲ್ಲಿನಂತೆ ಸೆಟೆಯುತ್ತಿದ್ದ ಅಪ್ಪ ಆ ಕೂಗಿಗೆ ನಕ್ಕರು. ನನ್ನನ್ನು ಕಂಡವರೇ, "ಉಳಿಗಳಿಗೆ ಎಣ್ಣೆ ಹಚ್ಚಿದ್ದೀಯೇನೇ, ಸೋಮಾರಿ?" ಎಂದರು. ಅಮ್ಮ ಆ ಬೈಗುಳವನ್ನು ವಾರ್ಡಿಗೆಲ್ಲ ಹೇಳಿಕೊಂಡು ಬಂದಳು.

ಈಗ ನಿಮ್ಮಿಂದ ಒಂದು ಕೆಲಸವಾಗಬೇಕು. ಲಸಿಕೆಯ ಮೊದಲ ಸೂಜಿ ಚುಚ್ಚುವಾಗ ಬೇಡ ಎನ್ನಲು ಅಪ್ಪನಿಗೆ ಮಾತು ಬರುತ್ತಿರಲಿಲ್ಲ. ಈಗ ಬರುತ್ತದೆ. "ಒಮ್ಮೆ ಬಂದ ಕಾಯಿಲೆ ಮತ್ತೆ ಬರಲ್ಲ ಅಂತ ಅಕ್ಕನೇ ಹೇಳಿದ್ದಾಳೆ, ಎರಡನೇದು ಯಾಕೆ?" ಎಂದು ಹಟ ಹಿಡಿದಿದ್ದಾರೆ. ದಡಾರದ ಮಟ್ಟಿಗೆ ನಿಮ್ಮ ಮಾತು ಸರಿ ಎಂದು ಡಾಕ್ಟರೂ ಒಪ್ಪಿದರು. ಆದರೆ ಈ ರೋಗಾಣುವಿನ ವಿಷ, ಮೈಯ ಕಾವಲಿಗೆ ಗುರುತೇ ಸಿಗದಷ್ಟು ಕಡಿಮೆ ಇದ್ದರೂ ಆಳನ್ನು ಕೆಡವುತ್ತದಂತೆ. ಹಾಗಾಗಿ ಗುಣವಾದವರ ಮೈಗೂ ಅದರ ನೆನಪು ಉಳಿಯುವುದಿಲ್ಲ. ಲಸಿಕೆಯಲ್ಲಿ ಅದೇ ವಿಷದ ಹಲ್ಲು ಕಿತ್ತು, ಗುರುತು ಸಿಗುವಷ್ಟು ಧಾರಾಳವಾಗಿ ತೋರಿಸುತ್ತಾರೆ. ಅಪ್ಪ ನಾಳೆ ಗುಣವಾದ ಮೇಲೆ ಮತ್ತೆ ಮರಗೆಲಸಕ್ಕೆ, ಅದೇ ತುಕ್ಕು ಮೊಳೆಗಳ ನಡುವೆ ಕೂರುವವರು.

ಡಾಕ್ಟರ ಮಾತಿಗಿಂತ ನಿಮ್ಮ ಮಾತಿಗೆ ಅವರಲ್ಲಿ ಬೆಲೆ ಹೆಚ್ಚು. ದಯವಿಟ್ಟು ಬಂದು ಹೇಳಿ. ನೀವೂ ಈ ಲಸಿಕೆ ಹಾಕಿಸಿಕೊಂಡಿಲ್ಲವೆಂದು ಅಮ್ಮ ಹೇಳಿದಳು. ಹೆಸರು ಬರೆಸಿದ್ದೇನೆ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ನಿಮಗೆ ಮೊದಲನೆಯ ಸೂಜಿ. ನಿಮ್ಮ ನಂತರ ಅಪ್ಪನಿಗೆ ಎರಡನೆಯದು.

ನಿಮ್ಮ ತಮ್ಮನ ಮಗಳು,
ಸೋಮಾರಿ