ಆ ಹಡಗಿನ ಫಲಕ ಅಸಲಿಯೇ, ಶೀನಣ್ಣ

ಪ್ರೀತಿಯ ಶೀನಣ್ಣ,

ನೀವು ಹೋಗಿ ಒಂದೂವರೆ ವರ್ಷವಾಯಿತು. ನಿಮ್ಮದು ತುಳು, ನನ್ನದು ಕೊಂಕಣಿ, ಸಂತೆಯಲ್ಲಿ ನಾವು ಆಡುತ್ತಿದ್ದದ್ದು ಮಂಗಳೂರು ಕನ್ನಡ. ಅದರಲ್ಲೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ನಗಬೇಡಿ. ಒಂದು ಸುದ್ದಿ ಹೇಳಲಿಕ್ಕುಂಟು.

ಕುವೈತಿನ ಶುಕ್ರವಾರದ ಹಳೇ ಸಾಮಾನಿನ ಸಂತೆಯಲ್ಲಿ ನಾವು ಮೊದಲು ಸಿಕ್ಕಿದ್ದು ನೆನಪುಂಟಾ? ನಾನು ಇಗರ್ಜಿಯ ಪ್ರಾರ್ಥನೆ ಮುಗಿಸಿ ಬಂದಿದ್ದೆ. ಒಡೆದ ಫ್ಯಾನು, ಹಳೇ ಸೂಟ್‌ಕೇಸುಗಳ ನಡುವೆ ಒಂದು ಪಿಂಗಾಣಿ ಫಲಕ ಬಿದ್ದಿತ್ತು. ಅಂಗೈ ಎರಡು ಸೇರಿಸಿದಷ್ಟು ಅಗಲ, ಸುತ್ತಲೂ ಮೋಡದ ಹಾಗೆ ಹರಡಿದ ಗುಲಾಬಿ ಬಣ್ಣ, ಅಂಚಿಗೆ ತಾಮ್ರದ ಹೊಳಪು, ನಡುವೆ ಇಂಗ್ಲಿಷಿನಲ್ಲಿ ಒಂದು ವಾಕ್ಯ. ಹಿಂದಿನಿಂದ ನೀವು, “ಬಾಯಮ್ಮ, ಬಿಡಬೇಡಿ. ಇಂಗ್ಲೆಂಡಿನದ್ದು, ನೂರೈವತ್ತು ವರ್ಷ ಹಳತು,” ಅಂದಿರಿ. ತಿರುಗಿ ನೋಡಿದರೆ ಕೈಯಲ್ಲಿ ಕೊತ್ತಂಬರಿ ಸೊಪ್ಪಿನ ಚೀಲ ಹಿಡಿದ ಊರಿನ ಮನುಷ್ಯ! ಫಲಕದಲ್ಲಿ ಏನು ಬರೆದಿದೆ ಎಂದು ಕೇಳಿದಿರಿ. “ದೇವರು ನಿನ್ನನ್ನು ನೋಡುತ್ತಿದ್ದಾನೆ ಅಂತ,” ಅಂದೆ. “ಹಾಗಾದ್ರೆ ಅಡುಗೆಮನೆಯಲ್ಲೇ ತೂಗುಹಾಕಿ. ಉಪ್ಪು ಎಷ್ಟು ಹಾಕ್ತೀರಿ ಅಂತ ಅವನೇ ನೋಡ್ಲಿ.” ಅದು ಈಗಲೂ ನನ್ನ ಒಲೆಯ ಮೇಲೆಯೇ ಇದೆ.

ಕುವೈತಿನ ಸಲ್ವಾ ಬಡಾವಣೆಯಲ್ಲಿ ನೀವು ಅಡುಗೆ ಮಾಡುತ್ತಿದ್ದ ಇಂಗ್ಲಿಷ್ ಮೇಡಮ್ಮಿನ ಕಥೆ ಹೇಳಿದ್ದು ಆಮೇಲೆ, ಚಹಾ ಕುಡಿಯುತ್ತ. ಅವರ ಊಟದ ಕೋಣೆಯ ಗೋಡೆ ತುಂಬ ಇಂಥದೇ ಫಲಕಗಳು. ಹದಿನಾಲ್ಕು ವರ್ಷ ವಾರವಾರ ಇಳಿಸಿ ಒರೆಸಿದ್ದು ನೀವು. ಆಮೇಲಿನ ಶುಕ್ರವಾರಗಳಲ್ಲಿ ಸಂತೆಯಲ್ಲಿ ಫಲಕ ಸಿಕ್ಕಾಗಲೆಲ್ಲ ನಾನು ಪುಸ್ತಕ ನೋಡಿ, ಹಿಂದೆ ಕಾರ್ಖಾನೆಯ ಮುದ್ರೆ ಇದೆಯಾ ಎಂದು ಹುಡುಕುತ್ತಿದ್ದೆ. ನೀವು ಕಣ್ಣೂ ಹಾಯಿಸದೆ ಫಲಕದ ಬೆನ್ನು ಸವರುತ್ತಿದ್ದಿರಿ. “ಹಳೆಯದನ್ನು ಮಣ್ಣು ಒತ್ತಿ ಒತ್ತಿ ಅಚ್ಚಿಗೆ ಕೂರಿಸಿದ್ದು. ಬೆರಳಿನ ಗುಂಡಿ ಉಳೀತದೆ. ನಕಲಿ ನುಣ್ಣಗೆ, ಸಾಬೂನಿನ ಹಾಗೆ.” ಆ ಗುಲಾಬಿ ಬಣ್ಣಕ್ಕೆ ನಿಜವಾದ ಚಿನ್ನ ಹಾಕುತ್ತಿದ್ದರು ಎಂದು ನಾನು ಓದಿ ಹೇಳಿದಾಗ ನೀವು ಎಷ್ಟು ಹೊತ್ತು ನಕ್ಕಿರಿ! “ಚಿನ್ನ ಹಾಕಿದ್ರೆ ಗುಲಾಬಿ ಆಗ್ತದಾ? ಊರಲ್ಲಿ ಹೆಂಡ್ತಿ ಗಿರಿಜಳಿಗೆ ಹೇಳ್ಬಾರ್ದು, ಬಳೆ ಕರಗಿಸಿಯಾಳು.”

ಹಡಗಿನ ಫಲಕ ಸಿಕ್ಕ ದಿನ ನಿಮ್ಮ ಮುಖ ನೋಡಬೇಕಿತ್ತು. ಮೂರು ಪಟದ ಹಡಗು, ಕೆಳಗೆ ನಾವಿಕನೊಬ್ಬ ಹೆಂಡತಿಗೆ ಹೇಳುವ ನಾಲ್ಕು ಸಾಲು. ನಾನು ಅವನ್ನು ಕನ್ನಡ ಮಾಡಿ ಹೇಳಿದೆ. ನೀವು ಅದನ್ನು ಪೇಪರಿನಲ್ಲಿ ಸುತ್ತಿ, ನನ್ನ ಕೈಗೆ ಕೊಟ್ಟು, “ಇದು ಎಲ್ಲಕ್ಕಿಂತ ಒಳ್ಳೇದು,” ಅಂದಿರಿ. ಮುದ್ರೆ ಮಾತ್ರ ಇರಲಿಲ್ಲ. ನನಗೆ ಸಂಶಯ. ಇಂಗ್ಲೆಂಡಿನ ಸಂಗ್ರಹಕಾರರ ಗುಂಪಿಗೆ ಫೋಟೋ ಹಾಕಿದೆ. ಅಲ್ಲಿನ ದೊಡ್ಡ ಪರಿಣತೆಯೊಬ್ಬರು, ಈ ಅಂಚೂ ಈ ಹಡಗೂ ಒಂದೇ ಫಲಕದಲ್ಲಿ ಬಂದದ್ದೇ ಇಲ್ಲ, ಆಮೇಲೆ ಮಾಡಿದ ನಕಲಿರಬೇಕು ಎಂದು ಬರೆದರು.

ಅದನ್ನು ನಿಮಗೆ ನಾನು ಹೇಳಿದ ರೀತಿ... ಸಂತೆಯ ನಡುವೆ, ನಾಲ್ಕು ಜನರ ಎದುರು, “ಶೀನಣ್ಣ, ನಿಮ್ಮ ಬೆರಳಿನ ಲೆಕ್ಕ ತಪ್ಪಿತು ನೋಡಿ,” ಎಂದೆ. ತಮಾಷೆಗೆ ಅಂದದ್ದು. ನಿಜವಾಗಿಯೂ ತಮಾಷೆಗಾ? ನೀವು, “ಆಯ್ತು ಬಾಯಮ್ಮ, ಅವರು ಓದಿದವರು,” ಅಂದಿರಿ. ಮುಂದಿನ ಶುಕ್ರವಾರ ಬಂದಿರಿ, ಚಹಾ ಕುಡಿದಿರಿ. ಒಂದು ಫಲಕವನ್ನೂ ಮುಟ್ಟಲಿಲ್ಲ. ಎರಡು ತಿಂಗಳಲ್ಲಿ ಇಲ್ಲಿನ ವಾಸದ ಪರವಾನಗಿ, ಇಕಾಮಾ, ರದ್ದು ಮಾಡಿಸಿ ನಿಮ್ಮ ಊರು ಕಟಪಾಡಿಗೆ ಹೊರಟಿರಿ. ಆ ಮಾತಿಗೆ ಕ್ಷಮೆ ಕೇಳಬೇಕೆಂದು ವಿಮಾನ ನಿಲ್ದಾಣದವರೆಗೆ ಬಂದಿದ್ದೆ. ಟ್ರಾಲಿ ಹಿಡಿಯಿರಿ, ಪಾಸ್‌ಪೋರ್ಟು ತೆಗೀರಿ ಎನ್ನುವಷ್ಟರಲ್ಲಿ ನೀವು ಒಳಗೆ ಹೋಗಿಯಾಗಿತ್ತು. ಐದು ತಿಂಗಳ ಮೇಲೆ ಗಿರಿಜಕ್ಕನ ಫೋನು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ.

ಕಳೆದ ತಿಂಗಳು ಇಲ್ಲಿ ಶರ್ಕ್ ಬಡಾವಣೆಯ ನನ್ನ ಆಫೀಸಿನಲ್ಲಿ ಕೂತಿದ್ದಾಗ ಅದೇ ಪರಿಣತೆಯ ಪತ್ರ ಬಂತು. ಇಂಗ್ಲೆಂಡಿನಲ್ಲಿ ಒಂದು ಹಳೇ ಮನೆ ಖಾಲಿ ಮಾಡುವಾಗ ಅದೇ ಅಂಚು, ಅದೇ ಹಡಗಿನ ಫಲಕ ಸಿಕ್ಕಿದೆ. ಅದರ ಬೆನ್ನಿಗೆ ಕಾರ್ಖಾನೆಯ ಮುದ್ರೆ ಸ್ಪಷ್ಟವಾಗಿ ಒತ್ತಿದೆಯಂತೆ. “ನಾನು ಹೇಳಿದ್ದು ತಪ್ಪು, ನಿಮ್ಮದರ ಹಿಂಭಾಗದ ಫೋಟೋ ಕಳಿಸುತ್ತೀರಾ?” ಎಂದು ಕೇಳಿದ್ದರು. ಮನೆಗೆ ಓಡಿ, ಹೊದಿಕೆಯ ಕಪಾಟಿನಿಂದ ಫಲಕ ತೆಗೆದೆ. ಹೌದು ಶೀನಣ್ಣ, ಅದನ್ನು ಗೋಡೆಯಿಂದ ಇಳಿಸಿ ಅಲ್ಲಿಟ್ಟಿದ್ದೆ. ಓರೆ ಬೆಳಕಿಗೆ ಹಿಡಿದಾಗ ಬೆರಳಿನ ಗುಂಡಿಗಳು ಒಂದೊಂದೇ ಕಂಡವು. ಮಗಳು, “ಮಮ್ಮಾ, ವೈ ಆರ್ ಯು ಕ್ರೈಯಿಂಗ್? ಇಟ್ಸ್ ಗುಡ್ ನ್ಯೂಸ್, ನೋ?” ಅಂದಳು. ಒಳ್ಳೆಯ ಸುದ್ದಿಯೇ.

ಫೋಟೋ ನೋಡಿದ ಆಕೆ ಅಸಲಿ ಎಂದು ಒಪ್ಪಿಕೊಂಡರು. ಅವರು ಇಂಥ ಫಲಕಗಳ ಪುಸ್ತಕವೊಂದನ್ನು ಸಿದ್ಧ ಮಾಡುತ್ತಿದ್ದಾರೆ. ಮುದ್ರೆ ಇಲ್ಲದೆಯೂ ಇದನ್ನು ಮೊದಲು ಗುರುತಿಸಿದವರು ಯಾರು, ಅವರ ಹೆಸರು ಹಾಕಬೇಕು ಎಂದರು. ಬರೆಯಲು ಕೂತೆ. ಶೀನಣ್ಣ... ಮುಂದೆ? ಹನ್ನೊಂದು ವರ್ಷ ಜೊತೆಗೆ ಚಹಾ ಕುಡಿದಿದ್ದೇನೆ, ನಿಮ್ಮ ಪೂರ್ತಿ ಹೆಸರು ಕೇಳಿರಲಿಲ್ಲ.

ಗಿರಿಜಕ್ಕನಿಗೆ ಫೋನು ಮಾಡಿದೆ. “ಶೀನ ಪೂಜಾರಿ,” ಎಂದು ಹೇಳಿ, ಹೆದರಿ ಕೇಳಿದರು, “ಪುಸ್ತಕದಲ್ಲಿ ಹಾಕ್ಲಿಕ್ಕೆ ಇವರು ಅಲ್ಲಿ ಎಂತ ಮಾಡಿದ್ರು ಬಾಯಮ್ಮ? ಏನಾದ್ರೂ ತಪ್ಪಾಯ್ತಾ?”

“ಇಲ್ಲ ಗಿರಿಜಕ್ಕ. ಎಲ್ಲರೂ ತಪ್ಪು ಹೇಳಿದಾಗ ಅವರೊಬ್ಬರೇ ಸರಿ ಹೇಳಿದ್ದು. ನಾನೂ ಅವರನ್ನು ನಂಬಲಿಲ್ಲ.”

ಅವರು, “ಹಾಗಾದ್ರೆ ಹೆಸರಿನ ಹತ್ರ ಅಡುಗೆಯವರು ಅಂತಲೂ ಹಾಕ್ಲಿಕ್ಕೆ ಹೇಳಿ. ಅವರಿಗೆ ಅದೇ ಹೆಮ್ಮೆ,” ಎಂದರು.

ಹಾಗೆಯೇ ಬರೆದು ಕಳಿಸಿದ್ದೇನೆ, ಶೀನಣ್ಣ. ಅಚ್ಚಿಗೆ ಹೋಗುವ ಪುಟ ನಿನ್ನೆ ಬಂತು. ಶೀನ ಪೂಜಾರಿ, ಅಡುಗೆಯವರು, ಕಟಪಾಡಿ ಮತ್ತು ಕುವೈತ್. ಕಾಗುಣಿತ ಮೂರು ಸಲ ನೋಡಿದ್ದೇನೆ, ಸರಿ ಇದೆ. ಪುಸ್ತಕ ಬಂದ ಕೂಡಲೇ ರಜೆ ಹಾಕಿ ಊರಿಗೆ ಹೋಗಿ, ಆ ಪುಟ ಗಿರಿಜಕ್ಕನಿಗೆ ನಾನೇ ಓದಿ ಹೇಳುತ್ತೇನೆ.

ನಿಮ್ಮ,
ಲವೀನಾ ಬಾಯಿ